ಕೆಳಗೆ ಗುಂಜು, ಮೇಲೆ ಕಾರಣ: ಮನೆಯ ಹೊಲಿಗೆ ಮೆಷಿನ್ ಒಂದರ ಪ್ರಕರಣ ಅಧ್ಯಯನ

ಮೆಷಿನ್ ಕಪ್ಪು ಬಣ್ಣದ್ದು, ನೇರ ಹೊಲಿಗೆ ಮಾತ್ರ ಹಾಕುವಂಥದ್ದು. ಅತ್ತೆಯ ಕಾಲದ್ದು. ಕಾಲಲ್ಲಿ ತುಳಿಯುವ ಸ್ಟ್ಯಾಂಡ್ ಹಾಗೇ ಇದೆ, ಆಮೇಲೆ ಪಕ್ಕದಲ್ಲಿ ಒಂದು ಸಣ್ಣ ಮೋಟಾರು ಕೂರಿಸಿದ್ದಾರೆ. ಅದರಲ್ಲಿ ಹೊಲಿಯುವವರು ದಾವಣಗೆರೆಯ ಒಬ್ಬ ಗೃಹಿಣಿ. ನಮ್ಮ ಹೊಲಿಗೆ ತರಗತಿಯಲ್ಲಿ ಕಲಿತವರು. ಸೀರೆಗೆ ಫಾಲ್, ಬ್ಲೌಸ್, ಒಳಲಂಗ, ಮಕ್ಕಳ ಫ್ರಾಕ್ ಎಂದು ಓಣಿಯ ಕೆಲಸವೆಲ್ಲ ಅವರ ಹತ್ತಿರವೇ ಬರುತ್ತದೆ. ತೊಂದರೆ ಬಂದಿದ್ದು ಗೌರಿ ಹಬ್ಬದ ಮುಂಚೆ. ಬ್ಲೌಸುಗಳು ರಾಶಿ ಬಿದ್ದಿದ್ದವು.

ಅವರು ಹೇಳಿದ ದೂರು ಇಷ್ಟು: "ಮೇಡಂ, ಹೊಲಿದ್ರೆ ಕೆಳಗೆ ಬರೇ ಗುಂಜು ಬರ್ತೈತ್ರಿ. ಒಂದೊಂದು ಸಲ ಮೇಲಿನ ದಾರ ಪಟ್ ಅಂತ ಕಡೀತೈತಿ. ನಡುನಡುವೆ ಹೊಲಿಗೆನೂ ಬಿಡ್ತೈತಿ."

ಗುಂಜು (ದಾರ ಸಿಕ್ಕಾಗಿ ರಾಶಿ ಬೀಳುವುದು), ಕಡಿತ, ಹೊಲಿಗೆ ಬಿಡುವುದು. ಮೂರು ಬೇರೆ ಬೇರೆ ತೊಂದರೆ. ಸಾಮಾನ್ಯವಾಗಿ ಇವಕ್ಕೆ ಕಾರಣವೂ ಬೇರೆ ಬೇರೆ. ವರ್ಷಗಟ್ಟಲೆ ಸರಿಯಾಗಿ ಓಡಿದ ಮೆಷಿನ್‌ಗೆ ಮೂರೂ ಒಂದೇ ವಾರದಲ್ಲಿ ಬರಬೇಕಾದರೆ ಹಿಂದೆ ಏನೋ ಒಂದು ನಡೆದಿರಬೇಕು, ಅಲ್ವಾ?

ಅಷ್ಟರಲ್ಲಾಗಲೇ ಅವರು ತಮಗೆ ತಿಳಿದಿದ್ದನ್ನೆಲ್ಲ ಮಾಡಿ ನೋಡಿದ್ದರು. ಮೇಲಿನ ದಾರದ ಬಿಗಿ ಹೊಂದಿಸುವ ಟೆನ್ಷನ್ ನಟ್ಟನ್ನು ಕೊನೆಯವರೆಗೂ ಬಿಗಿ ಮಾಡಿದ್ದರು. ಕೆಳಗೆ ಗುಂಜು ಕಂಡದ್ದರಿಂದ ಬಾಬಿನ್ ಕೇಸಿನ, ಅಂದರೆ ಕೆಳಗಿನ ದಾರ ಸುತ್ತಿದ ಬಾಬಿನ್ ಕೂರುವ ಡಬ್ಬಿಯ, ಸ್ಕ್ರೂ ಸಡಿಲ ಮಾಡಿದ್ದರು. ಬಾಬಿನ್ ಬದಲಾಯಿಸಿದ್ದರು, ಎಣ್ಣೆ ಬಿಟ್ಟಿದ್ದರು. ಮೆಷಿನ್ ಬಗ್ಗೆ ಸ್ವಲ್ಪ ಗೊತ್ತಿರುವ ಸಂಬಂಧಿಕರೊಬ್ಬರು ಬಂದು ನೋಡಿ, ಶಟಲ್ (ಕೆಳಗೆ ದಾರ ಹಿಡಿಯುವ ಕೊಕ್ಕೆಯ ಭಾಗ) ಸವೆದಿದೆ, ಹೊಸದು ಹಾಕಿಸಬೇಕು ಅಂದಿದ್ದರು. ಶಟಲ್ ಬದಲಾಯಿಸಬೇಕೋ ಬೇಡವೋ ಅನ್ನುವುದೇ ನನ್ನ ಮುಂದೆ ಬಂದ ಪ್ರಶ್ನೆ.

ನಾನು ಮೆಷಿನ್ ಮುಟ್ಟಲಿಲ್ಲ. "ಯಾವತ್ತಿಂದ ಹಿಂಗಾಗ್ತೈತವ್ವಾ? ಅದಕ್ಕೂ ಮುಂಚೆ ಏನು ಹೊಲಿತಿದ್ದಿ?" ಅಂತ ಕೇಳಿದೆ.

ಸ್ವಲ್ಪ ಯೋಚಿಸಿ ಹೇಳಿದರು. ಯಾರದೋ ಹಳೆ ಬ್ಲೌಸ್ ಬಿಗಿಯಾಗಿದೆ ಅಂತ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದರಂತೆ. ಮುಂದಿನ ಪಟ್ಟಿಯ ಹುಕ್ಕು ಬಟ್ಟೆಯ ಅಡಿಗೆ ಮಡಚಿಕೊಂಡು ಬಂದಿತ್ತು. ಸೂಜಿ ಅದಕ್ಕೆ ತಾಗಿ ಮುರಿಯಿತು. ಬೇರೆ ಸೂಜಿ ಹಾಕಿ, ದಾರ ಪೋಣಿಸಿ, ಮುಂದೆ ಹೊಲಿದರು. ಸೂಜಿ ಮುರಿಯುವುದು ಹೊಲಿಯುವವರಿಗೆ ದಿನದ ಮಾತು. ಹಾಗಾಗಿ ಅದನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ.

ದಾರದ ತೊಂದರೆಗಳಲ್ಲಿ ಈ ಒಂದು ಪ್ರಶ್ನೆ ಸ್ಕ್ರೂ ಡ್ರೈವರ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ ಅಂತ ನಾನು ನಂಬಿದ್ದೇನೆ. ನಿನ್ನೆವರೆಗೆ ಸರಿಯಿದ್ದ ಟೆನ್ಷನ್ ತಾನಾಗೇ ತಿರುಗಿ ಕೂರುವುದಿಲ್ಲ. ಯಾವುದೋ ಒಂದು ಬದಲಾಗಿರುತ್ತದೆ. ಸೂಜಿ, ದಾರ, ಬಟ್ಟೆ, ಬಾಬಿನ್, ಇಲ್ಲಾ ಒಂದು ಪೆಟ್ಟು. ಅದನ್ನು ಹುಡುಕುವ ಮೊದಲೇ ನಟ್ಟು, ಸ್ಕ್ರೂ ತಿರುಗಿಸಿದರೆ ಹಳೆ ತೊಂದರೆಯ ಜೊತೆ ಹೊಸದೂ ಸೇರಿಕೊಳ್ಳುತ್ತದೆ. ಇಲ್ಲಿ ಆಗಿದ್ದೂ ಅದೇ.

ಮೊದಲು ಗುಂಜು

ಬ್ಲೌಸಿಗೆ ಬಳಸುವ ಟೂ ಬೈ ಟೂ ರುಬಿಯಾ ಬಟ್ಟೆಯ ಎರಡು ತುಂಡು ಜೋಡಿಸಿಕೊಂಡೆವು. ಮೇಲೆ ಬಿಳಿ ದಾರ, ಬಾಬಿನ್‌ನಲ್ಲಿ ಕೆಂಪು ದಾರ. ಎರಡು ಬಣ್ಣ ಹಾಕಿದರೆ ಯಾವ ದಾರ ಎಲ್ಲಿ ತಪ್ಪುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಒಂದು ಗೇಣು ಹೊಲಿದು ತಿರುಗಿಸಿ ನೋಡಿದೆವು. ಬಟ್ಟೆಯ ಕೆಳಗೆ ಕೆಂಪು ದಾರ ಗೆರೆ ಎಳೆದ ಹಾಗೆ ನೇರವಾಗಿ ಮಲಗಿತ್ತು. ಅದರ ಸುತ್ತ ಬಿಳಿ ದಾರ ಕುಣಿಕೆ ಕುಣಿಕೆಯಾಗಿ ರಾಶಿ ಬಿದ್ದಿತ್ತು.

ಗುಂಜು ಕೆಳಗಿದ್ದರೂ ಅದು ಮೇಲಿನ ದಾರ. ಇದನ್ನು ಒಂದು ಸಲ ಕಣ್ಣಾರೆ ನೋಡಿದವರು ಮತ್ತೆ ಬಾಬಿನ್ ಮೇಲೆ ಸುಮ್ನೆ ಸಿಟ್ಟಾಗುವುದಿಲ್ಲ.

ಹೀಗೇಕೆ ಆಗುತ್ತದೆ ಅಂತ ತಿಳಿಯಬೇಕಾದರೆ ಒಂದು ಹೊಲಿಗೆ ಹೇಗೆ ಬೀಳುತ್ತದೆ ಅಂತ ನೋಡಬೇಕು. ಪ್ಲಗ್ ತೆಗೆದು, ಕೆಳಗಿನ ಸ್ಲೈಡ್ ಪ್ಲೇಟ್ ಸರಿಸಿ, ಗಾಲಿಯನ್ನು ಕೈಯಲ್ಲಿ ನಿಧಾನ ತಿರುಗಿಸಿದರೆ ಎಲ್ಲ ಕಾಣುತ್ತದೆ. ಸೂಜಿ ತಳಕ್ಕೆ ಹೋಗಿ ಎರಡು ಮಿಲಿಮೀಟರ್‌ನಷ್ಟು ಮೇಲೇಳುತ್ತದೆ. ಆಗ ಸೂಜಿಯ ಕಣ್ಣಿನ ಹಿಂದೆ ದಾರ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಶಟಲಿನ ಕೊಕ್ಕೆ ಅದೇ ಹೊತ್ತಿಗೆ ಬಂದು ಆ ಕುಣಿಕೆಯನ್ನು ಹಿಡಿಯುತ್ತದೆ. ಹಿಡಿದು, ಅಗಲ ಮಾಡಿ, ಇಡೀ ಬಾಬಿನ್ ಕೇಸನ್ನೇ ಸುತ್ತಿಸುತ್ತದೆ. ಅಷ್ಟಕ್ಕೆ ಬೆರಳುದ್ದದ ದಾರ ಬೇಕು. ಹೊಲಿಗೆಗೆ ಮಾತ್ರ ಅದರಲ್ಲಿ ಮೂರು ನಾಲ್ಕು ಮಿಲಿಮೀಟರ್ ಸಾಕು. ಉಳಿದಿದ್ದನ್ನು ಟೇಕಪ್ ಲಿವರ್ (ಹೊಲಿಯುವಾಗ ಮೇಲೆ ಕೆಳಗೆ ಆಡುವ, ದಾರ ಪೋಣಿಸುವ ತೂತಿನ ಕಡ್ಡಿ) ಮೇಲಕ್ಕೆ ಎಳೆದುಕೊಳ್ಳಬೇಕು. ಈ ಮೆಷಿನ್‌ಗಳಲ್ಲಿ ಶಟಲ್ ಪೂರ್ತಿ ಸುತ್ತು ಹೊಡೆಯುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗಿ ವಾಪಸ್ ಬರುತ್ತದೆ. ಅದು ವಾಪಸ್ ಬರುವಾಗ ಲಿವರ್ ದಾರ ಎಳೆಯುತ್ತದೆ.

ಈಗ ಟೆನ್ಷನ್ ನಟ್ಟು ಒತ್ತಿ ಹಿಡಿಯುವ ಬಿಲ್ಲೆಗಳ ಪಾತ್ರ. ಎರಡು ಬಿಲ್ಲೆಗಳ ನಡುವೆ ದಾರ ಒತ್ತಿ ಹಿಡಿದಿದ್ದರೆ ಲಿವರ್ ಎಳೆದಾಗ ರೀಲಿನ ಕಡೆಯಿಂದ ದಾರ ಸುಲಭವಾಗಿ ಬರುವುದಿಲ್ಲ. ಹಾಗಾಗಿ ಕೆಳಗೆ ಉಳಿದ ಸಡಿಲ ದಾರ ಮೇಲೆ ಬರುತ್ತದೆ. ಬಿಲ್ಲೆಯ ನಡುವೆ ದಾರ ಇಲ್ಲದಿದ್ದರೆ? ಲಿವರ್‌ಗೆ ರೀಲಿನಿಂದ ಹೊಸ ದಾರ ಎಳೆದುಕೊಳ್ಳುವುದೇ ಸುಲಭ. ಕೆಳಗಿನ ಸಡಿಲ ಅಲ್ಲೇ ಉಳಿಯುತ್ತದೆ. ಮುಂದಿನ ಹೊಲಿಗೆಯದ್ದೂ ಅದರ ಮೇಲೆ ಬೀಳುತ್ತದೆ. ಮೋಟಾರಿನ ವೇಗದಲ್ಲಿ ಅರೆನಿಮಿಷ ಸಾಕು, ಬಟ್ಟೆ ಸೂಜಿಯ ಕೆಳಗಿನ ತೂತಿನ ಪ್ಲೇಟಿಗೆ ಅಂಟಿಕೊಳ್ಳುತ್ತದೆ.

ಬಿಲ್ಲೆಯ ನಡುವೆ ದಾರ ಇದೆಯೋ ಇಲ್ಲವೋ ಅಂತ ನೋಡುವುದು ಸುಲಭ. ಬಟ್ಟೆ ಒತ್ತಿ ಹಿಡಿಯುವ ಫೂಟ್ ಎತ್ತಿ, ಸೂಜಿಯ ಹತ್ತಿರ ದಾರ ಹಿಡಿದು ಎಳೆಯಬೇಕು. ಸರಾಗ ಬರಬೇಕು. ಫೂಟ್ ಇಳಿಸಿ ಮತ್ತೆ ಎಳೆಯಬೇಕು. ಈಗ ಬಿಗಿಯಾಗಿ, ಸೂಜಿ ಸ್ವಲ್ಪ ಬಾಗುವಷ್ಟು ಜಗ್ಗಬೇಕು. ಫೂಟ್ ಎತ್ತಿದಾಗ ಒಳಗಿನ ಪಿನ್ನು ಬಿಲ್ಲೆಗಳನ್ನು ಬಿಡಿಸುತ್ತದೆ, ಇಳಿಸಿದಾಗ ಅವು ಮುಚ್ಚಿಕೊಳ್ಳುತ್ತವೆ. ಇವರ ಮೆಷಿನ್‌ನಲ್ಲಿ ಫೂಟ್ ಮೇಲಿದ್ದರೂ ಒಂದೇ, ಕೆಳಗಿದ್ದರೂ ಒಂದೇ. ದಾರ ಸುಮ್ನೆ ಜಾರುತ್ತಿತ್ತು. ಟಾರ್ಚ್ ಹಾಕಿ ನೋಡಿದರೆ ದಾರ ಬಿಲ್ಲೆಗಳ ಅಂಚಿನ ಮೇಲೆ ಕೂತಿತ್ತು, ಒಳಗೆ ಹೋಗೇ ಇರಲಿಲ್ಲ.

"ದಾರ ಹೆಂಗ್ ಹಾಕ್ತಿ, ತೋರ್ಸು" ಅಂದೆ. ಫೂಟ್ ಕೆಳಗೇ ಇಟ್ಟುಕೊಂಡು ಪೋಣಿಸಿದರು. ಕಾರಣವೂ ಇತ್ತು. ಸೂಜಿ ಮುರಿದ ದಿನ ಬಟ್ಟೆ ಫೂಟಿನ ಅಡಿಯಲ್ಲೇ ಇತ್ತು. ಫೂಟ್ ಎತ್ತಿದರೆ ಬಟ್ಟೆ ಸರಿದು ಹೊಲಿಗೆ ಜಾಗ ತಪ್ಪುತ್ತದೆ ಅಂತ ಹಾಗೇ ದಾರ ಹಾಕಿದರು. ಆಮೇಲೆ ಗುಂಜು ಬಂದಾಗೆಲ್ಲ, ದಾರ ಕಡಿದಾಗೆಲ್ಲ ಹಾಗೇ ಮಾಡಿದರು. ಅವಸರದಲ್ಲಿ ಇರುವವರು ಯಾರಾದರೂ ಹಾಗೇ ಮಾಡುತ್ತಾರೆ.

ಇದರ ಮೇಲೆ ನಟ್ಟು ಬಿಗಿ ಮಾಡಿದ್ದು ತೊಂದರೆಯನ್ನು ಹೆಚ್ಚಿಸಿತು. ಬಿಲ್ಲೆಗಳು ಎಷ್ಟು ಬಿಗಿಯೋ ದಾರ ಒಳಗೆ ಹೋಗುವುದು ಅಷ್ಟು ಕಷ್ಟ. ಆದರೂ ಹೊಲಿಯುವ ಅದುರಿಗೆ ಒಂದೊಂದು ಸಲ ದಾರ ತಾನಾಗೇ ಒಳಗೆ ಜಾರುತ್ತಿತ್ತು. ಆಗ ಪೂರ್ತಿ ಬಿಗಿಯಾದ ಟೆನ್ಷನ್ ಒಮ್ಮೆಲೇ ಹಿಡಿದು ದಾರ ಪಟ್ ಅನ್ನುತ್ತಿತ್ತು. ಒಮ್ಮೆ ಗುಂಜು, ಒಮ್ಮೆ ಕಡಿತ. ಎರಡು ಎದುರುಬದುರು ತೊಂದರೆಗಳು ಒಂದೇ ಮೆಷಿನ್‌ನಲ್ಲಿ ಕಂಡದ್ದಕ್ಕೆ ಇದೇ ಕಾರಣ. ಶಟಲ್ ಸವೆದಿದೆ ಅಂತ ಹೇಳಿದವರನ್ನೂ ನಾನು ದೂರುವುದಿಲ್ಲ. ಹೊರಗಿಂದ ನೋಡಿದರೆ ಹಾಗೇ ಅನ್ನಿಸುತ್ತದೆ.

ನಟ್ಟನ್ನು ಸಾಕಷ್ಟು ಸಡಿಲ ಮಾಡಿದೆವು. ಫೂಟ್ ಎತ್ತಿ, ಎರಡೂ ಕೈಯಲ್ಲಿ ದಾರ ಹಿಡಿದು ಬಿಲ್ಲೆಗಳ ನಡುವೆ ಆಚೀಚೆ ಆಡಿಸಿ ಕೂರಿಸಿದೆವು. ಪಕ್ಕದ ಸಣ್ಣ ಚೆಕ್ ಸ್ಪ್ರಿಂಗಿಗೆ ಸಿಕ್ಕಿಸಿ, ಲಿವರಿನ ತೂತಿಗೆ, ಅಲ್ಲಿಂದ ಸೂಜಿಗೆ. ಫೂಟ್ ಇಳಿಸಿ ಎಳೆದರೆ ಈಗ ಜಗ್ಗಿತು. ಹೊಲಿದೆವು. ಗುಂಜು ಇಲ್ಲ.

ಬಾಬಿನ್ ಕೇಸ್

ಇದರ ಸ್ಕ್ರೂವನ್ನು ಅವರು ಸಡಿಲ ಮಾಡಿದ್ದರಿಂದ ಮೊದಲಿನ ಬಿಗಿಗೆ ವಾಪಸ್ ತರಬೇಕಿತ್ತು. ಬಾಬಿನ್ ಹಾಕಿದ ಕೇಸನ್ನು ದಾರದಲ್ಲಿ ತೂಗಾಡಿಸಿದರೆ ಅದು ತಾನಾಗೇ ಇಳಿಯಬಾರದು. ಕೈಯನ್ನು ಸಣ್ಣಗೆ ಜಗ್ಗಿದಾಗ ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ಇದು ನೇರವಾಗಿ ನೆಲಕ್ಕೆ ಹೋಯಿತು. ತಗಡಿನ ಸ್ಪ್ರಿಂಗಿನ ಮೇಲೆ ಎರಡು ಸ್ಕ್ರೂ ಇರುತ್ತವೆ. ಒಂದು ಸ್ಪ್ರಿಂಗನ್ನು ಹಿಡಿದಿರುವುದು, ಅದನ್ನು ಮುಟ್ಟಬಾರದು. ಇನ್ನೊಂದು ಬಿಗಿ ಸಡಿಲ ಮಾಡುವುದು. ಅದನ್ನೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಬೇಕು. ಕೆಳಗೆ ಒಂದು ಬಿಳಿ ಬಟ್ಟೆ ಹಾಸಿಕೊಂಡು ಮಾಡಿ. ಆ ಸ್ಕ್ರೂ ಎಳ್ಳಿನಷ್ಟಿರುತ್ತದೆ, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ವಿಸಿಟಿಂಗ್ ಕಾರ್ಡಿನ ಮೂಲೆಯನ್ನು ಸ್ಪ್ರಿಂಗಿನ ಅಡಿಗೆ ತೂರಿಸಿ ಎಳೆದರೆ ಎಣ್ಣೆ ಕುಡಿದ ನೂಲಿನ ಜುಂಗು ಬಂತು. ಅದು ಸಿಕ್ಕಿಕೊಂಡಿದ್ದರೆ ಸ್ಕ್ರೂ ಎಷ್ಟು ತಿರುಗಿಸಿದರೂ ದಾರ ಒಂದೇ ಸಮ ಹಿಡಿಯುವುದಿಲ್ಲ.

ಟೆನ್ಷನ್ ಸಮ ಇದೆಯೋ ಇಲ್ಲವೋ ತಿಳಿಯಲು ನನಗೆ ಇಷ್ಟವಾದ ಪರೀಕ್ಷೆ ಒಂದಿದೆ. ಬಟ್ಟೆಯನ್ನು ಕ್ರಾಸ್ ಆಗಿ, ಅಂದರೆ ಎಳೆಗೆ ಓರೆಯಾಗಿ, ಮಡಚಿ ಒಂದು ಗೇಣು ಹೊಲಿದು, ಎರಡೂ ತುದಿ ಹಿಡಿದು ಜೋರಾಗಿ ಎಳೆಯುವುದು. ಕ್ರಾಸ್ ಬಟ್ಟೆ ಹಿಗ್ಗುತ್ತದೆ, ಹೊಲಿಗೆ ಕಿತ್ತುಹೋಗುತ್ತದೆ. ಯಾವ ದಾರ ಮೊದಲು ಕಡಿಯಿತೋ ಅದು ಬಿಗಿ ಜಾಸ್ತಿ. ಎರಡೂ ಒಟ್ಟಿಗೆ ಕಡಿದರೆ ಸಮ. ಇವರದ್ದರಲ್ಲಿ ಮೊದಲು ಬಿಳಿಯದು ಕಡಿಯಿತು, ಮೇಲಿನ ನಟ್ಟನ್ನು ಒಂದಿಷ್ಟು ಸಡಿಲ ಮಾಡಿದ ಮೇಲೆ ಎರಡೂ ಒಟ್ಟಿಗೆ.

ಹೊಲಿಗೆ ಬಿಡುವುದು ಮಾತ್ರ ನಿಂತಿರಲಿಲ್ಲ.

ಸೂಜಿ

ಸೂಜಿ ಬಿಚ್ಚುವ ಮೊದಲು ಅದು ಎಷ್ಟು ಮೇಲೆ ಹೋಗಿದೆ ಅಂತ ನೋಡಿದೆ. ಸ್ಕ್ರೂ ಸಡಿಲ ಮಾಡಿ ಬೆರಳಲ್ಲಿ ಒತ್ತಿದರೆ ಇನ್ನೂ ಮೇಲೆ ಹೋಯಿತು. ಅಂದರೆ ಪೂರ್ತಿ ಕೂತಿರಲಿಲ್ಲ. ಅದರ ಮೇಲ್ತುದಿಯ ಚಪ್ಪಟೆ ಭಾಗವೂ ಸ್ವಲ್ಪ ತಿರುಗಿತ್ತು. ಈ ಜಾತಿಯ ಮೆಷಿನ್‌ನಲ್ಲಿ ಕೊಕ್ಕೆ ಸೂಜಿಯ ಎಡಗಡೆ ಓಡಾಡುತ್ತದೆ. ಹಾಗಾಗಿ ಚಪ್ಪಟೆ ಭಾಗ ಎಡಕ್ಕೆ ಇರಬೇಕು, ಉದ್ದ ಗೆರೆ ಇರುವ ಬದಿ ಬಲಕ್ಕೆ, ದಾರ ಬಲದಿಂದ ಎಡಕ್ಕೆ. ನಿಮ್ಮ ಮೆಷಿನ್‌ನಲ್ಲಿ ಕೊಕ್ಕೆ ಬೇರೆ ಕಡೆ ಇರಬಹುದು. ಬಾಬಿನ್ ಮುಂದಿನಿಂದ ಹಾಕುವ ಹೊಸ ಮೆಷಿನ್‌ಗಳಲ್ಲಿ ಚಪ್ಪಟೆ ಭಾಗ ಹಿಂದಕ್ಕೆ, ದಾರ ಮುಂದಿನಿಂದ ಹಿಂದಕ್ಕೆ. ಯಾವ ಮೆಷಿನ್ ಆದರೂ ನಿಯಮ ಒಂದೇ: ದಾರ ಒಳಗೆ ಹೋಗುವುದು ಉದ್ದ ಗೆರೆಯ ಕಡೆಯಿಂದ, ಕೊಕ್ಕೆ ಬರುವುದು ಚಪ್ಪಟೆ ಭಾಗದ ಕಡೆ.

ಸೂಜಿ ಒಂದೆರಡು ಮಿಲಿಮೀಟರ್ ಕೆಳಗಿದ್ದರೆ ಏನಾಗುತ್ತದೆ? ಕೊಕ್ಕೆ ತನ್ನ ಹೊತ್ತಿಗೆ ಬರುತ್ತದೆ. ಕುಣಿಕೆ ಮಾತ್ರ ಅಲ್ಲಿ ಇರುವುದಿಲ್ಲ, ಇಲ್ಲಾ ಕೊಕ್ಕೆಯ ತುದಿಗೆ ಸಿಗುವಷ್ಟು ಉಬ್ಬಿರುವುದಿಲ್ಲ. ಒಂದು ಹೊಲಿಗೆ ಹೋಯಿತು. ಸೂಜಿ ತಿರುಗಿದ್ದರೆ ಕುಣಿಕೆಯೂ ಓರೆಯಾಗುತ್ತದೆ, ಕೊಕ್ಕೆ ಅದನ್ನು ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಬಟ್ಟೆ ದಪ್ಪವಿದ್ದಾಗ ಕಾಣದ ಈ ದೋಷ ತೆಳು ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ತೆಳು ಬಟ್ಟೆ ಸೂಜಿಯ ಜೊತೆ ಮೇಲೇಳುತ್ತದೆ, ಆಗ ಕುಣಿಕೆ ಇನ್ನೂ ಚಿಕ್ಕದಾಗುತ್ತದೆ.

ಆ ಸೂಜಿಯ ನಂಬರ್ 16. ಜೀನ್ಸ್ ಅಂಚು ಹೊಲಿಯಲು ತಂದಿದ್ದು ಡಬ್ಬಿಯಲ್ಲಿ ಉಳಿದಿತ್ತು, ಕೈಗೆ ಸಿಕ್ಕಿದ್ದನ್ನೇ ಹಾಕಿದ್ದರು. ಚಪ್ಪಟೆ ಭಾಗವನ್ನು ಕನ್ನಡಿಯ ಮೇಲೆ ಮಲಗಿಸಿ ನೋಡಿದರೆ ಸೂಜಿಗೂ ಗಾಜಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು. ಇದರ ತುದಿ ಗಾಜಿನ ಕಡೆ ವಾಲಿತ್ತು. ಇಂಥ ಸೂಜಿ ಎಸೆದುಬಿಡುವುದೇ ಸರಿ. ರುಬಿಯಾಗೆ, ಮಾಮೂಲಿ ಕಾಟನ್‌ಗೆ 14 ಸಾಕು, ತೆಳು ರೇಷ್ಮೆಗೆ 11. ಅಂಗಡಿಯಲ್ಲಿ ಕೇಳುವಾಗ ಮನೆ ಮೆಷಿನ್ ಸೂಜಿ, ಎಚ್‌ಎ ಅಂತ ಹೇಳಿ ತನ್ನಿ. ಗಾರ್ಮೆಂಟ್ಸ್ ಮೆಷಿನ್‌ಗೆ ಹಾಕುವ ಡಿಬಿ ಸೂಜಿಯೂ ಅದೇ ಗಲ್ಲೆಯ ಮೇಲೆ ಇರುತ್ತದೆ. ಅದರ ಕಡ್ಡಿ ಗುಂಡಗೆ, ತೆಳ್ಳಗೆ, ಚಪ್ಪಟೆ ಭಾಗವೇ ಇಲ್ಲ. ಅದು ಮನೆ ಮೆಷಿನ್‌ಗೆ ಸಿಕ್ಕಿಕೊಳ್ಳುತ್ತದೆ, ಹೊಲಿಗೆ ಮಾತ್ರ ಬೀಳುವುದಿಲ್ಲ.

ಹೊಸ 14ರ ಸೂಜಿ, ಪೂರ್ತಿ ಮೇಲಕ್ಕೆ, ಚಪ್ಪಟೆ ಎಡಕ್ಕೆ. ಹೊಲಿಗೆ ಬಿಡುವುದು ನಿಂತಿತು.

ಕಡಿಯುವ ದಾರ

ಇಷ್ಟಾದ ಮೇಲೂ ಒಂದೆರಡು ಮಾರು ಹೊಲಿಯುವಷ್ಟರಲ್ಲಿ ದಾರ ಕಡಿಯುತ್ತಿತ್ತು. ಟೆನ್ಷನ್ ಬಿಗಿ ಅಂತ ಈಗ ಹೇಳುವ ಹಾಗಿರಲಿಲ್ಲ. ಅವರು ದಾರದ ಮೇಲೆ ಅನುಮಾನಪಟ್ಟರು. ರೀಲಿನಿಂದ ಒಂದು ಮಾರು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಗಂಟಿಲ್ಲ, ಉಬ್ಬುತಗ್ಗಿಲ್ಲ, ಕೈಯಲ್ಲಿ ಎಳೆದರೆ ಗಟ್ಟಿ. ದಾರ ಚೆನ್ನಾಗೇ ಇತ್ತು.

ಆಗ ಕಡಿದ ತುದಿಯನ್ನೇ ನೋಡಿದೆ. ಇದನ್ನು ಹೊಲಿಯುವ ಪ್ರತಿಯೊಬ್ಬರೂ ರೂಢಿ ಮಾಡಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಬಿಗಿಗೆ ಕಡಿದ ದಾರದ ತುದಿ ಚಿಕ್ಕದಾಗಿ, ಸುರುಳಿ ಸುತ್ತಿಕೊಂಡಿರುತ್ತದೆ. ಉಜ್ಜಿ ಉಜ್ಜಿ ಕಡಿದದ್ದು ಎಳೆ ಎಳೆಯಾಗಿ ಬಿಟ್ಟಿರುತ್ತದೆ. ಇವರದ್ದು ಪೊರಕೆಯ ಹಾಗೆ ಕೆದರಿತ್ತು. ಸೂಜಿಯ ಕಣ್ಣಿನ ಮೇಲೆ ಸಣ್ಣ ಜುಂಗೂ ಕೂತಿತ್ತು. ದಾರದ ಒಂದೊಂದು ಭಾಗವೂ ಹೊಲಿಗೆಯಾಗಿ ಕೂರುವ ಮೊದಲು ಹತ್ತಾರು ಸಲ ಸೂಜಿಯ ಕಣ್ಣಲ್ಲಿ, ಪ್ಲೇಟಿನ ತೂತಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ದಾರಿಯಲ್ಲಿ ಕೂದಲಿನಷ್ಟು ಚೂಪು ಇದ್ದರೂ ಸಾಕು, ಅದು ಪ್ರತಿ ಸಲವೂ ಒಂದೊಂದು ಎಳೆ ಕೀಳುತ್ತದೆ.

ಹುಕ್ಕಿಗೆ ತಾಗಿದ ಸೂಜಿ ಪ್ಲೇಟಿಗೂ ಹೊಡೆದಿರಬಹುದು ಅಂತ ಅನ್ನಿಸಿತು. ಮೋಟಾರಿನ ಪ್ಲಗ್ ತೆಗೆದು, ಎರಡು ಸ್ಕ್ರೂ ಬಿಚ್ಚಿ ಪ್ಲೇಟ್ ಎತ್ತಿದೆವು. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಹತ್ತಿಯ ಒಂದು ಎಸಳನ್ನು ತೂತಿನ ಅಂಚಿನ ಸುತ್ತ ಆಡಿಸಿದೆವು. ಬಲಗಡೆ, ಅಡಿಯ ಅಂಚಿನಲ್ಲಿ, ಹತ್ತಿ ಸಿಕ್ಕಿಕೊಂಡಿತು. ಅವರ ಕೈಯಲ್ಲೇ ಮತ್ತೆ ಆಡಿಸಿದೆ, ಮತ್ತೆ ಅಲ್ಲೇ ಸಿಕ್ಕಿತು. ಬೆರಳಿನ ಉಗುರು ಎಳೆದಾಗ ತರತರ ಅಂತು. ಅದೇ ಜಾಗ.

ಇನ್ನೊಂದು ಕೂಡ ಸಿಕ್ಕಿತು. ಶಟಲ್ ರಿಂಗ್ ಬಿಚ್ಚಿ ಶಟಲ್ ಹೊರಗೆ ತೆಗೆದಾಗ ಅದು ಓಡುವ ದಾರಿಯಲ್ಲಿ, ಎಣ್ಣೆ ಮತ್ತು ಜುಂಗಿನ ಕಪ್ಪು ಮುದ್ದೆಯೊಳಗೆ, ಮುರಿದ ಸೂಜಿಯ ಮೂತಿ ಇತ್ತು. ಅಕ್ಕಿಕಾಳಿನ ಅರ್ಧದಷ್ಟು. ಸೂಜಿ ಮುರಿದರೆ ತುಂಡುಗಳನ್ನೆಲ್ಲ ಜೋಡಿಸಿ ನೋಡಿ, ಪೂರ್ತಿ ಸೂಜಿ ಆಗುವವರೆಗೆ ಹುಡುಕಬೇಕು. ಆ ಚೂರು ಇನ್ನಷ್ಟು ದಿನ ಅಲ್ಲೇ ಇದ್ದಿದ್ದರೆ ಶಟಲ್ ನಿಜವಾಗಿಯೂ ಹಾಳಾಗುತ್ತಿತ್ತು.

ಶಟಲಿನ ಕೊಕ್ಕೆಯ ತುದಿಗೂ ಹತ್ತಿ ಆಡಿಸಿದೆವು, ಉಗುರು ಎಳೆದೆವು. ನುಣ್ಣಗಿತ್ತು, ಚೂಪೂ ಇತ್ತು. ಹೊಸ ಶಟಲ್ ಬೇಕಾಗಿರಲಿಲ್ಲ.

ಪ್ಲೇಟಿನ ಕೆಲಸ ಮಾತ್ರ ತಾಳ್ಮೆಯದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ 1000 ನಂಬರಿನ ವಾಟರ್ ಪೇಪರ್ ಸಿಗುತ್ತದೆ. ಅದರ ಸಣ್ಣ ಪಟ್ಟಿಯನ್ನು ಕಡ್ಡಿಗೆ ಸುತ್ತಿ ಆ ಅಂಚಿಗೆ ಮಾತ್ರ ಮೆಲ್ಲಗೆ ತಿಕ್ಕಬೇಕು. ತೂತು ದೊಡ್ಡದಾಗಬಾರದು, ಚೂಪು ಹೋಗಬೇಕು ಅಷ್ಟೇ. ಪ್ಲೇಟ್ ಮೆಷಿನ್ ಮೇಲೆ ಇರುವಾಗ ತಿಕ್ಕಬೇಡಿ, ಪುಡಿ ಶಟಲಿಗೆ ಬೀಳುತ್ತದೆ. ನಡುನಡುವೆ ಹತ್ತಿ ಆಡಿಸಿ ನೋಡುತ್ತ, ಅದು ಎಲ್ಲೂ ಸಿಗದೆ ಜಾರುವವರೆಗೆ ತಿಕ್ಕಿದೆವು. ಬಟ್ಟೆಯಲ್ಲಿ ಒರೆಸಿ, ಶಟಲ್ ದಾರಿಯನ್ನು ಬ್ರಷ್ಷಿನಲ್ಲಿ ಗುಡಿಸಿ, ಒಂದೇ ಹನಿ ಮೆಷಿನ್ ಎಣ್ಣೆ ಬಿಟ್ಟು ಎಲ್ಲ ವಾಪಸ್ ಜೋಡಿಸಿದೆವು. ಮೊದಲು ಚಿಂದಿ ಬಟ್ಟೆಯ ಮೇಲೆ ಹೊಲಿದು ಎಣ್ಣೆ ಕಲೆ ಹೋಗುವವರೆಗೆ ಓಡಿಸಿದರು.

ಆಮೇಲೆ ದಾರ ಕಡಿಯಲಿಲ್ಲ. ಲೈನಿಂಗ್ ಹಾಕಿದ ರೇಷ್ಮೆ ಬ್ಲೌಸಿಗೆ 11ರ ಸೂಜಿ ಹಾಕಿ ಅವರೇ ಹೊಲಿದರು. ಹೊಲಿಗೆ ಎರಡೂ ಕಡೆ ಒಂದೇ ಥರ ಬಂತು.

ಈಗ ಉಳಿದಿರುವುದು ಒಂದೇ. ಹೊಲಿಗೆ ಶುರುವಾಗುವ ಜಾಗದಲ್ಲಿ ಕೆಳಗೆ ಸಣ್ಣ ಗಂಟು ಬೀಳುತ್ತದೆ, ಮುಂದೆ ಸರಿಯಾಗುತ್ತದೆ. ಉದ್ದಕ್ಕೂ ಬರುವ ಗುಂಜು ಬೇರೆ, ಶುರುವಿನಲ್ಲಿ ಮಾತ್ರ ಬರುವ ಗಂಟು ಬೇರೆ. ಎರಡನೆಯದಕ್ಕೆ ಯಾವ ಸ್ಕ್ರೂ ಕೂಡ ಮುಟ್ಟಬೇಕಾಗಿಲ್ಲ. ಟೇಕಪ್ ಲಿವರ್ ತುತ್ತತುದಿಯಲ್ಲಿ ಇರುವಾಗ ಶುರು ಮಾಡಿ, ಎರಡೂ ದಾರದ ತುದಿಗಳನ್ನು ಫೂಟಿನ ಅಡಿಯಿಂದ ಹಿಂದಕ್ಕೆ ತಂದು, ಮೊದಲ ಮೂರ್ನಾಲ್ಕು ಹೊಲಿಗೆ ಬೀಳುವವರೆಗೆ ಬೆರಳಲ್ಲಿ ಹಿಡಿದುಕೊಂಡರೆ ಆಯಿತು. ಅವರಿಗೆ ತುದಿಗಳನ್ನು ಗಿಡ್ಡವಾಗಿ ಕತ್ತರಿಸುವ ರೂಢಿ. ನಾಲ್ಕು ಬೆರಳಿನಷ್ಟು ಉದ್ದ ಬಿಡು ಅಂತ ಹೇಳಿದ್ದೇನೆ.